ಸಾಲು ಎಲ್ಲಿ ಮುರಿಯಬೇಕು?

ಪುಸ್ತಕವನ್ನು ಕೈಯಲ್ಲಿ ಹಿಡಿದಾಗ ನಾವು ಅಕ್ಷರಗಳನ್ನು ಕಾಣುತ್ತೇವೆ, ಪದಗಳನ್ನು ಕಾಣುತ್ತೇವೆ, ಲೇಖನಚಿಹ್ನೆಗಳನ್ನೂ ಕಾಣುತ್ತೇವೆ. ಒಂದು ಸಾಲು ಮುಗಿದು ಇನ್ನೊಂದು ಸಾಲು ಮೊದಲಾಗುವ ಜಾಗವನ್ನು ಮಾತ್ರ ನಾವು ಕಾಣುವುದಿಲ್ಲ. ಅಲ್ಲಿ ಕಾಣುವಂಥದು ಏನೂ ಇಲ್ಲ. ಇರುವುದು ಬರಿಯ ಬಿಳಿಯ ಕಾಗದ. ಗದ್ಯದಲ್ಲಿ ಸಾಲು ಎಲ್ಲಿ ಮುರಿಯಿತೆಂಬುದು ಹಾಳೆಯ ಅಗಲವನ್ನು ಅವಲಂಬಿಸಿದ ಸಂಗತಿ. ಪದ್ಯದಲ್ಲಿ ಹಾಗಲ್ಲ. ಅಲ್ಲಿ ಸಾಲು ಮುರಿದ ಜಾಗದಲ್ಲಿ ಉಸಿರು ನಿಲ್ಲುತ್ತದೆ, ಲಯ ತಿರುಗುತ್ತದೆ, ಕೆಲವೊಮ್ಮೆ ಅರ್ಥವೂ ಬೇರೆಯಾಗುತ್ತದೆ. ಏನೂ ಇಲ್ಲದ ಈ ಜಾಗಕ್ಕೂ ಒಂದು ಚರಿತ್ರೆಯುಂಟು. ಅದು ಯಂತ್ರಗಳ ಚರಿತ್ರೆ, ಯಂತ್ರಗಳನ್ನು ಮಾಡಿದ ಮನುಷ್ಯರ ಚರಿತ್ರೆ. ಸುಮಾರು ಐವತ್ತು ವರ್ಷಗಳ ಹಿಂದೆ ಅಮೆರಿಕದ ಒಂದು ಪ್ರಯೋಗಶಾಲೆಯಲ್ಲಿ ಹುಟ್ಟಿ ಇಂದಿಗೂ ಜಗತ್ತಿನ ಲಕ್ಷಾಂತರ ಗಣಕಯಂತ್ರಗಳಲ್ಲಿ ಕೆಲಸ ಮಾಡುತ್ತಿರುವ 'ಸೆಡ್' ಎಂಬ ಚಿಕ್ಕ ಉಪಕರಣವೊಂದನ್ನು ನಡುವಿಟ್ಟುಕೊಂಡು ಆ ಚರಿತ್ರೆಯನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಕನ್ನಡ ಮೇಷ್ಟರಿಗೆ ಗಣಕದ ಉಪಕರಣದ ಗೊಡವೆ ಏತಕ್ಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಹಳೆಯ ಗ್ರಂಥಗಳು ಗಣಕವನ್ನು ಸೇರುತ್ತಿರುವ ಈ ಕಾಲದಲ್ಲಿ ಅದು ಕನ್ನಡದ ಗೊಡವೆಯೂ ಹೌದೆಂಬುದು ಮಾತು ಮುಂದುವರಿದಂತೆ ತಿಳಿದೀತು.

ಮೊದಲು ನಮ್ಮ ಓಲೆಗರಿಯನ್ನೇ ನೋಡೋಣ. ಲಿಪಿಕಾರನು ಗರಿಯ ಎಡತುದಿಯಲ್ಲಿ ಕಂಟವನ್ನು ಊರಿದರೆ ಬಲತುದಿಯವರೆಗೆ ಬರೆದುಕೊಂಡೇ ಹೋಗುತ್ತಾನೆ. ಪದಗಳ ನಡುವೆ ತೆರಪಿಲ್ಲ. ಪದ್ಯದ ಪಾದ ಮುಗಿಯಿತೆಂದು ಹೊಸ ಸಾಲು ಹಿಡಿಯುವ ಪದ್ಧತಿಯೂ ಇಲ್ಲ. ಗರಿ ಮುಗಿದಲ್ಲಿ ಸಾಲು ಮುಗಿಯಿತು. ಅದು ಪದದ ನಡುವಾದರೂ ಸರಿ. ಪದ್ಯ ಮುಗಿಯಿತೆಂಬುದಕ್ಕೆ ದಂಡ ಮತ್ತು ಅಂಕಿ ಸಾಕ್ಷಿ. ಹಾಗಿದ್ದರೂ ಓದುವವನಿಗೆ ಪಾದಗಳು ತಪ್ಪುತ್ತಿರಲಿಲ್ಲ. ಏಕೆಂದರೆ ನಮ್ಮ ಹಳೆಯ ಕಾವ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಬರುತ್ತದೆ. ಪಾದ ಎಲ್ಲಿ ಮೊದಲಾಯಿತೆಂಬುದನ್ನು ಆ ಪ್ರಾಸವೇ ಕೂಗಿ ಹೇಳುತ್ತದೆ. ಕಣ್ಣು ಮಾಡಬೇಕಾದ ಕೆಲಸವನ್ನು ಅಲ್ಲಿ ಕಿವಿ ಮಾಡುತ್ತಿತ್ತು. ಮುದ್ರಣ ಬಂದಮೇಲೆ ಗ್ರಂಥಸಂಪಾದಕರು ಈ ಅವಿಚ್ಛಿನ್ನ ಬರವಣಿಗೆಯನ್ನು ಪಾದಪಾದವಾಗಿ ಬಿಡಿಸಿದರು. ಇಂದು ನಾವು ಪಂಪನ ಪದ್ಯವನ್ನು ನಾಲ್ಕು ಸಾಲುಗಳಲ್ಲಿಯೂ ಕುಮಾರವ್ಯಾಸನ ಪದ್ಯವನ್ನು ಆರು ಸಾಲುಗಳಲ್ಲಿಯೂ ಕಾಣುತ್ತಿದ್ದರೆ, ಆ ಸಾಲುಗಳ ಪ್ರಮಾಣ ಕವಿಯದು, ಅವುಗಳನ್ನು ಕಾಗದದ ಮೇಲೆ ಮುರಿದ ಕೈ ಸಂಪಾದಕನದು.

ಪಶ್ಚಿಮದಲ್ಲಿ ಸಾಲಿನ ಮುರಿತವನ್ನು ಮೊದಲು ಯಂತ್ರದ ಚಲನೆಯನ್ನಾಗಿ ಮಾಡಿದ್ದು ಬೆರಳಚ್ಚು ಯಂತ್ರ. ರೆಮಿಂಗ್ಟನ್ ಸಂಸ್ಥೆ 1874ರಲ್ಲಿ ಮಾರುಕಟ್ಟೆಗೆ ತಂದ ಷೋಲ್ಸ್ ಮತ್ತು ಗ್ಲಿಡನ್ನರ ಯಂತ್ರವನ್ನು ಹೊಲಿಗೆಯಂತ್ರದಂಥ ಪೀಠದ ಮೇಲೆ ಕೂರಿಸಿದ್ದರು. ಆ ಸಂಸ್ಥೆ ಆಗ ಹೊಲಿಗೆಯಂತ್ರಗಳನ್ನೂ ತಯಾರಿಸುತ್ತಿತ್ತು. ಸಾಲು ಮುಗಿದಾಗ ಕಾಲಿನಿಂದ ಮೆಟ್ಟನ್ನು ಒತ್ತಿದರೆ ಕಾಗದ ಹೊತ್ತ ಗಾಡಿ ಮೊದಲ ಸ್ಥಾನಕ್ಕೆ ಮರಳುತ್ತಿತ್ತು. ಮುಂದೆ ಕಾಲಿನ ಕೆಲಸ ಕೈಯ ಸನ್ನೆಗೋಲಿಗೆ ಬಂತು. ಅಲ್ಲಿ ನಡೆಯುತ್ತಿದ್ದುದು ಒಂದಲ್ಲ, ಎರಡು ಕ್ರಿಯೆಗಳು. ಗಾಡಿ ಹಿಂದಕ್ಕೆ ಹೋಗುವುದು ಒಂದು, ಉರುಳೆ ತಿರುಗಿ ಕಾಗದ ಒಂದು ಸಾಲಿನಷ್ಟು ಮೇಲೇರುವುದು ಇನ್ನೊಂದು. ಈ ಎರಡನ್ನೂ ತಂತಿಯ ಮೂಲಕ ದೂರದ ಯಂತ್ರಕ್ಕೆ ತಿಳಿಸಬೇಕಾಗಿ ಬಂದಾಗ ಎರಡಕ್ಕೂ ಬೇರೆಬೇರೆ ಸಂಕೇತಗಳು ಬೇಕಾದವು. ನ್ಯೂಜಿಲೆಂಡಿನ ಡೊನಾಲ್ಡ್ ಮರ್ರೇ ಎಂಬಾತ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ರೂಪಿಸಿದ ತಂತಿಸಂಕೇತಗಳಲ್ಲಿ ಅವು ಸ್ಥಾನ ಪಡೆದುವು. ಹೀಗೆ ಏನೂ ಇಲ್ಲದ ಜಾಗಕ್ಕೆ ಹೆಸರು ಬಂತು, ಅಕ್ಷರಗಳ ಪಂಕ್ತಿಯಲ್ಲಿ ಅದಕ್ಕೂ ಒಂದು ಮಣೆ ದೊರೆಯಿತು.

1963ರಲ್ಲಿ ಅಮೆರಿಕದವರು 'ಆಸ್ಕಿ' ಎಂಬ ಸಂಕೇತಕ್ರಮವನ್ನು ಗೊತ್ತುಮಾಡಿದರು. ಅದರಲ್ಲಿ ಕಾಗದವನ್ನು ಒಂದು ಸಾಲು ಏರಿಸುವ ಸಂಕೇತಕ್ಕೆ 10ನೆಯ ಸಂಖ್ಯೆ, ಗಾಡಿಯನ್ನು ಹಿಂದಿರುಗಿಸುವ ಸಂಕೇತಕ್ಕೆ 13ನೆಯ ಸಂಖ್ಯೆ. ಅದೇ ಕಾಲದ ಟೆಲಿಟೈಪ್ 33 ಎಂಬ ಯಂತ್ರ ಸೆಕೆಂಡಿಗೆ ಹತ್ತು ಅಕ್ಷರಗಳನ್ನು ಹೊಡೆಯುತ್ತಿತ್ತು. ಅಚ್ಚಿನ ತಲೆ ಬಲತುದಿಯಿಂದ ಎಡತುದಿಗೆ ಮರಳಲು ಒಂದು ಅಕ್ಷರದ ಹೊತ್ತು ಸಾಲದು. ಆದುದರಿಂದ ಮೊದಲು ಹಿಂದಿರುಗುವ ಸಂಕೇತವನ್ನು ಕಳಿಸಿ ಆಮೇಲೆ ಕಾಗದ ಏರಿಸುವ ಸಂಕೇತವನ್ನು ಕಳಿಸುವುದು ರೂಢಿಯಾಯಿತು. ಕಾಗದ ಏರುವಷ್ಟರಲ್ಲಿ ತಲೆ ಮನೆ ಸೇರುತ್ತಿತ್ತು. ಆ ಯಂತ್ರಗಳು ಮೂಲೆ ಸೇರಿದ ಮೇಲೂ ಅವುಗಳ ನಡಿಗೆ ಉಳಿಯಿತು. ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಮಾಡಿದವರು, ತಮಗಿಂತ ಹಿಂದಿನ ಮಲ್ಟಿಕ್ಸ್ ವ್ಯವಸ್ಥೆಯನ್ನು ಅನುಸರಿಸಿ, 10ನೆಯ ಸಂಕೇತವೊಂದೇ ಸಾಕೆಂದು ತೀರ್ಮಾನಿಸಿದರು. ಮೈಕ್ರೋಸಾಫ್ಟ್ ಸಂಸ್ಥೆಯ ವ್ಯವಸ್ಥೆಗಳು 13 ಮತ್ತು 10 ಎರಡನ್ನೂ ಉಳಿಸಿಕೊಂಡವು. ಆಪಲ್ ಸಂಸ್ಥೆಯ ಹಳೆಯ ಮ್ಯಾಕಿಂಟಾಷ್ ಯಂತ್ರಗಳು 13ನೆಯದನ್ನು ಮಾತ್ರ ಹಿಡಿದವು. ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿ ತೆರೆದರೆ ಎಲ್ಲ ಸಾಲುಗಳೂ ಒಂದಕ್ಕೊಂದು ಅಂಟಿಕೊಂಡು ನಮ್ಮ ಓಲೆಗರಿಯ ಬರವಣಿಗೆಯನ್ನೇ ನೆನಪಿಗೆ ತರುತ್ತಿದ್ದವು. ಮೈಕ್ರೋಸಾಫ್ಟಿನ 'ನೋಟ್‌ಪ್ಯಾಡ್' ಎಂಬ ಸರಳ ಬರಹಪಟ್ಟಿ ಯುನಿಕ್ಸಿನ ಸಾಲುಗಳನ್ನು ಸರಿಯಾಗಿ ತೋರಿಸಲು ಕಲಿತದ್ದು 2018ರಲ್ಲಿ. ಹೊಲಿಗೆಯಂತ್ರದ ಪೀಠದಿಂದ ಹೊರಟ ಗಾಡಿ ಅಷ್ಟು ದೂರ ಉರುಳಿಬಂದಿತ್ತು.

ಯುನಿಕ್ಸ್ 1969ರಲ್ಲಿ ನ್ಯೂಜೆರ್ಸಿ ಪ್ರಾಂತದ ಮರ್ರೇ ಹಿಲ್ ಎಂಬ ಊರಿನ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದರ ಮುಖ್ಯ ಶಿಲ್ಪಿಗಳು. ಇಷ್ಟು ದೊಡ್ಡ ಸಾಧನೆಗೆ ಆರಂಭದಲ್ಲಿ ಅನ್ನ ಹುಟ್ಟಿಸಿದ್ದು ಬರವಣಿಗೆಯ ಕೆಲಸ ಎಂಬುದನ್ನು ಸಾಹಿತ್ಯದವರು ಗಮನಿಸಬೇಕು. 1971ರಲ್ಲಿ ಆ ಸಂಸ್ಥೆಯ ಪೇಟೆಂಟ್ ವಿಭಾಗದ ಬೆರಳಚ್ಚುಗಾರರು ಯುನಿಕ್ಸನ್ನು ಬಳಸತೊಡಗಿದರು. ಪೇಟೆಂಟ್ ಅರ್ಜಿಗಳಲ್ಲಿ ಸಾಲುಗಳಿಗೆ ಅಂಚಿನಲ್ಲಿ ಸಂಖ್ಯೆ ಬೀಳಬೇಕಾಗಿತ್ತು. ಜೋ ಒಸ್ಸಾನ ಎಂಬ ತಂತ್ರಜ್ಞ ಆ ಸೌಕರ್ಯವನ್ನು ಒದಗಿಸಿಕೊಟ್ಟದ್ದರಿಂದ ವಿಭಾಗ ಒಲಿಯಿತು. ಎಂದರೆ ಯುನಿಕ್ಸಿನ ಮೊದಲ ಗಿರಾಕಿಗಳು ಬಯಸಿದ್ದು ಎಣಿಸಲು ಬರುವ ಸಾಲುಗಳನ್ನು.

ಆ ಕಾಲದಲ್ಲಿ ಗಣಕದ ಮುಂದೆ ಕುಳಿತವನಿಗೆ ಪರದೆ ಇರಲಿಲ್ಲ. ಟೆಲಿಟೈಪಿನ ಕಾಗದದ ಸುರುಳಿಯೇ ಅವನ ಕಿಟಕಿ. ಒಂದು ಸಾಲಿನಲ್ಲಿ ಆಜ್ಞೆಯನ್ನು ಬರೆದು ಯಂತ್ರಕ್ಕೆ ಒಪ್ಪಿಸಬೇಕು, ಅದು ಉತ್ತರವನ್ನು ಅಚ್ಚುಹೊಡೆಯಬೇಕು. ಥಾಂಪ್ಸನ್ ಬರೆದ 'ಎಡ್' ಎಂಬ ಸಂಪಾದಕ ಉಪಕರಣ ಮಿತಭಾಷಿಯಾಗಿತ್ತು. ತಪ್ಪು ಕಂಡರೆ ಅದು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಹೊಡೆದು ಸುಮ್ಮನಾಗುತ್ತಿತ್ತು. ಸೆಕೆಂಡಿಗೆ ಹತ್ತೇ ಅಕ್ಷರ ಹೊಡೆಯುವ ಯಂತ್ರದಲ್ಲಿ ಮಾತಾಳಿತನ ಯಾರಿಗೂ ಬೇಕಿರಲಿಲ್ಲ. ಇಂಥ ಪದ, ಇಂಥ ಅಕ್ಷರಗಳ ಜೋಡಣೆ ಎಲ್ಲಿದೆಯೆಂದು ಹುಡುಕುವುದಕ್ಕೆ, ಕಂಡಲ್ಲಿ ಬದಲಾಯಿಸುವುದಕ್ಕೆ ಅದರಲ್ಲಿ ಒಂದು ಸೂತ್ರಭಾಷೆಯಿತ್ತು. ನಮ್ಮ ವ್ಯಾಕರಣಸೂತ್ರಗಳಂತೆ ಅದೂ ಅಲ್ಪಾಕ್ಷರದ್ದು.

ಈ ಪ್ರಯೋಗಶಾಲೆಯಲ್ಲಿ ಲೀ ಮೆಕ್‌ಮಹನ್ ಎಂಬ ವಿದ್ವಾಂಸರಿದ್ದರು. ಅವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ಅದಕ್ಕೂ ಮುಂಚೆ ಕೆಲಕಾಲ ಜೆಸ್ಯುಯಿಟ್ ಗುರುಕುಲದಲ್ಲಿದ್ದವರು. ಅವರಿಗೆ ಬರಹಗಳ ಕರ್ತೃತ್ವದ ಪ್ರಶ್ನೆಯಲ್ಲಿ ಆಸಕ್ತಿ. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787 ಮತ್ತು 1788ರಲ್ಲಿ ಪ್ರಕಟವಾದ 85 ಲೇಖನಗಳಿವೆ. ಅವುಗಳಿಗೆ 'ಫೆಡರಲಿಸ್ಟ್' ಲೇಖನಗಳೆಂದು ಹೆಸರು. ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜೇ ಎಂಬ ಮೂವರು ಅವುಗಳನ್ನು 'ಪಬ್ಲಿಯಸ್' ಎಂಬ ಒಂದೇ ಕಾವ್ಯನಾಮದಲ್ಲಿ ಬರೆದರು. ಅವುಗಳಲ್ಲಿ ಹನ್ನೆರಡು ಲೇಖನಗಳು ಹ್ಯಾಮಿಲ್ಟನ್ನನವೋ ಮ್ಯಾಡಿಸನ್ನನವೋ ಎಂಬ ವಿವಾದ ಬಹುಕಾಲ ನಡೆಯಿತು. ಮೋಸ್ಟೆಲರ್ ಮತ್ತು ವ್ಯಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1964ರಲ್ಲಿ, ಇಬ್ಬರೂ ತಿಳಿಯದೆಯೇ ಬಳಸುವ ಚಿಕ್ಕಪುಟ್ಟ ಪದಗಳ ಲೆಕ್ಕ ಹಾಕಿ, ಅವು ಮ್ಯಾಡಿಸನ್ನನವೆಂದು ತೋರಿಸಿದರು. ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯನ್ನು ಬಲ್ಲ ನಮಗೆ ಈ ಬಗೆಯ ಕುತೂಹಲ ಹೊಸದಲ್ಲ.

ಮೆಕ್‌ಮಹನ್ನರೂ ಈ ಲೇಖನಗಳನ್ನು ಯಂತ್ರದ ನೆರವಿನಿಂದ ಪರಿಶೀಲಿಸಲು ಹೊರಟರು. ಆದರೆ ಎಡ್ ಉಪಕರಣಕ್ಕೆ ಅಷ್ಟು ದೊಡ್ಡ ಪಠ್ಯ ನುಂಗಲಾರದ ತುತ್ತಾಯಿತು. ಆ ಕಾಲದ ಪಿಡಿಪಿ-11 ಯಂತ್ರದಲ್ಲಿ ಒಂದು ಕಾರ್ಯಕ್ಕೆ ಸಿಗುತ್ತಿದ್ದ ನೆನಪಿನ ಜಾಗ ಹೆಚ್ಚೆಂದರೆ 65,536 ಬೈಟುಗಳು. ಲೇಖನಗಳ ಗಾತ್ರ ಅದರ ಹತ್ತಾರು ಪಟ್ಟು. ಆಗ ಥಾಂಪ್ಸನ್ ಎಡ್ ಉಪಕರಣದ ಹೊಟ್ಟೆಯಿಂದ ಹುಡುಕುವ ಭಾಗವನ್ನಷ್ಟೇ ಹೊರತೆಗೆದು 'ಗ್ರೆಪ್' ಎಂಬ ಬೇರೆ ಉಪಕರಣವನ್ನು ಮಾಡಿಕೊಟ್ಟರೆಂದು ಅವರ ಸಹೋದ್ಯೋಗಿ ಬ್ರಯನ್ ಕರ್ನಿಗನ್ ಹೇಳಿದ್ದಾರೆ. ಇಡೀ ಗ್ರಂಥವನ್ನು ಒಮ್ಮೆಗೇ ಎದುರಿಗಿಟ್ಟುಕೊಳ್ಳಬೇಕಾಗಿಲ್ಲ. ಒಂದು ಸಾಲು ನೋಡು, ಬೇಕಾದರೆ ತೋರಿಸು, ಬೇಡವಾದರೆ ಬಿಡು, ಮುಂದಿನ ಸಾಲಿಗೆ ಹೋಗು. ಇದೇ ಅದರ ಉಪಾಯ.

ಗ್ರೆಪ್ ಹುಡುಕಬಲ್ಲುದು, ತಿದ್ದಲಾರದು. ಅದೇ ಉಪಾಯದಿಂದ ತಿದ್ದುವ ಉಪಕರಣವನ್ನು 1973-74ರ ಸುಮಾರಿಗೆ ಮೆಕ್‌ಮಹನ್ನರೇ ರಚಿಸಿದರು. ಅದೇ ಸೆಡ್. ಹರಿಯುವ ಪ್ರವಾಹವನ್ನು ತಿದ್ದುವಂಥದು ಎಂಬರ್ಥದ ಇಂಗ್ಲಿಷ್ ಮಾತಿನ ಮೊಟಕು ರೂಪ ಅದು. ನಾಲೆಯ ನೀರು ಮುಂದೆ ಹರಿದುಹೋಗುತ್ತಿರುವಾಗ ದಡದಲ್ಲಿ ಕುಳಿತವನು ಬೊಗಸೆಬೊಗಸೆಯಾಗಿ ಎತ್ತಿ, ಕಸ ತೆಗೆದು ಮತ್ತೆ ಬಿಡುವಂತೆ ಅದರ ಕೆಲಸ. ಒಂದು ಸಾಲನ್ನು ಎತ್ತಿಕೊಳ್ಳುತ್ತದೆ, ಕೊಟ್ಟ ಆಜ್ಞೆಗಳನ್ನೆಲ್ಲ ಅದರ ಮೇಲೆ ನಡೆಸುತ್ತದೆ, ಹೊರಗೆ ಬಿಡುತ್ತದೆ, ಮುಂದಿನದನ್ನು ಎತ್ತಿಕೊಳ್ಳುತ್ತದೆ. ಹೀಗೆ ಎಷ್ಟೇ ದೊಡ್ಡ ಗ್ರಂಥವಾದರೂ ಅದಕ್ಕೆ ಭಾರವಲ್ಲ. 1979ರಲ್ಲಿ ಹೊರಬಂದ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಸೆಡ್ ಪ್ರಯೋಗಶಾಲೆಯ ಹೊರಗೂ ಹರಡಿತು. ಮೆಕ್‌ಮಹನ್ 1989ರಲ್ಲಿ ತೀರಿಕೊಂಡರು. ಅವರ ಉಪಕರಣ ಉಳಿದಿದೆ.

ಇಲ್ಲೊಂದು ವಿಚಿತ್ರವುಂಟು. ಸಾಲುಗಳಿಂದಲೇ ಬದುಕುವ ಈ ಉಪಕರಣಕ್ಕೆ ಸಾಲಿನ ಮುರಿತ ಕಾಣುವುದಿಲ್ಲ. ಅದು ಸಾಲನ್ನು ಎತ್ತಿಕೊಳ್ಳುವಾಗ ತುದಿಯಲ್ಲಿರುವ 10ನೆಯ ಸಂಕೇತವನ್ನು ಕತ್ತರಿಸಿ ಆಚೆಗಿಡುತ್ತದೆ. ಹೊರಗೆ ಬಿಡುವಾಗ ಮತ್ತೆ ಅಂಟಿಸುತ್ತದೆ. ನಡುವೆ ಅದರ ಕಣ್ಣೆದುರಿಗೆ ಇರುವುದು ತುದಿಯಿಲ್ಲದ ಸಾಲು. ಆದುದರಿಂದ ಸಾಲುಗಳ ನಡುವಿನ ಮುರಿತವನ್ನು ಹುಡುಕಿ ತೆಗೆದುಹಾಕು ಎಂದು ಹೇಳಿದರೆ ಅದು ಹುಡುಕುತ್ತದೆ, ಕಾಣದೆ ಸುಮ್ಮನಾಗುತ್ತದೆ. ಮುಂದಿನ ಸಾಲನ್ನೂ ಎತ್ತಿ ಇದರ ಬೆನ್ನಿಗೆ ಸೇರಿಸು ಎಂಬ ಇನ್ನೊಂದು ಆಜ್ಞೆಯಿದೆ. ದೊಡ್ಡ 'ಎನ್' ಅಕ್ಷರ ಅದರ ಗುರುತು. ಹಾಗೆ ಎರಡು ಸಾಲುಗಳು ಒಂದೆಡೆ ಸೇರಿದಾಗ ಮಾತ್ರ ಅವುಗಳ ನಡುವೆ ಇರುವ ಮುರಿತ ಅದರ ಕಣ್ಣಿಗೆ ಬೀಳುತ್ತದೆ. ಮುರಿತವು ಒಂದು ಸಾಲಿಗೆ ಸೇರಿದ್ದಲ್ಲ, ಎರಡು ಸಾಲುಗಳ ಸಂಬಂಧಕ್ಕೆ ಸೇರಿದ್ದು ಎಂಬ ಮಾತನ್ನು ಛಂದಸ್ಸಿನ ತರಗತಿಯಲ್ಲಿ ನಾನು ಎಷ್ಟೋ ವರ್ಷ ಹೇಳಿದ್ದೇನೆ. ಒಂದು ಯಂತ್ರ ಅದನ್ನು ತನ್ನ ನಡೆಯಿಂದಲೇ ತೋರಿಸುವುದನ್ನು ಕಂಡು ನನಗೆ ಸಂತೋಷವಾಯಿತು.

ಇಲ್ಲದ ಮುರಿತವನ್ನು ಸೇರಿಸುವುದು ಇನ್ನಷ್ಟು ಸೂಕ್ಷ್ಮ. ಬದಲಾಯಿಸು ಎಂಬ ಆಜ್ಞೆಗೆ 'ಎಸ್' ಗುರುತು. ಅದರ ಮುಂದೆ ಒಂದು ಓರೆಗೀಟು, ಹುಡುಕಬೇಕಾದ ರೂಪ, ಮತ್ತೆ ಓರೆಗೀಟು, ಅದರ ಬದಲು ಇಡಬೇಕಾದುದು, ಕೊನೆಯಲ್ಲಿ ಇನ್ನೊಂದು ಓರೆಗೀಟು. ಬದಲು ಇಡಬೇಕಾದದ್ದು ಹೊಸ ಸಾಲೇ ಆದಾಗ ತೊಡಕು ಬರುತ್ತದೆ. ಹೊಸ ಸಾಲಿಗಾಗಿ ಕೀಲಿಯನ್ನು ಒತ್ತಿದರೆ ಆಜ್ಞೆಯೇ ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಆದುದರಿಂದ ಮೊದಲು ಎಡಕ್ಕೆ ವಾಲಿದ ಗೀಟೊಂದನ್ನು ಬರೆದು, ಆಮೇಲೆ ಸಾಲನ್ನು ಮುರಿಯಬೇಕು. 'ಈಗ ಬರುವುದು ಆಜ್ಞೆಯ ಕೊನೆಯಲ್ಲ, ಗ್ರಂಥದೊಳಗೆ ಸೇರಬೇಕಾದ ಮುರಿತ' ಎಂದು ಆ ಗೀಟು ಸಾರುತ್ತದೆ. ಗ್ನೂ ಯೋಜನೆಯವರು ಬರೆದ ಸೆಡ್ ಉಪಕರಣದಲ್ಲಿ ಸಾಲನ್ನು ನಿಜವಾಗಿ ಮುರಿಯುವ ಬದಲು ಆ ಗೀಟಿನ ಪಕ್ಕದಲ್ಲಿ ಚಿಕ್ಕ 'ಎನ್' ಅಕ್ಷರ ಬರೆದರೆ ಸಾಕು. ಬರ್ಕ್ಲಿ ವಿಶ್ವವಿದ್ಯಾಲಯದ ಪರಂಪರೆಯಿಂದ ಬಂದ ಸೆಡ್ ಬಹುಕಾಲ ಅದನ್ನು ಒಪ್ಪಲಿಲ್ಲ. ಅಲ್ಲಿ ಹೊಸ ಸಾಲು ಬೀಳಬೇಕಾದ ಕಡೆಗಳಲ್ಲೆಲ್ಲ 'ಎನ್' ಅಕ್ಷರವೇ ಬಿದ್ದು ಬರೆದವನನ್ನು ಅಣಕಿಸುತ್ತಿತ್ತು. ಹಳೆಯ ಕ್ರಮ, ಎಂದರೆ ಗೀಟು ಹಾಕಿ ನಿಜವಾಗಿಯೇ ಸಾಲು ಮುರಿಯುವುದು, ಎಲ್ಲ ಕಡೆಯೂ ನಡೆಯುತ್ತದೆ.

ಇನ್ನೂ ಒಂದು ವಿಧಾನವಿದೆ. ಸೆಡ್ ತನ್ನ ಬಳಿ ಒಂದು ಗೂಡನ್ನು ಇಟ್ಟುಕೊಂಡಿರುತ್ತದೆ. ಬೇಕಾದುದನ್ನು ಅಲ್ಲಿ ಕಾದಿರಿಸಬಹುದು. ಎದುರಿನ ಸಾಲಿಗೆ ಗೂಡಿನಲ್ಲಿರುವುದನ್ನು ಸೇರಿಸು ಎಂಬ ಆಜ್ಞೆಗೆ ದೊಡ್ಡ 'ಜಿ' ಗುರುತು. ಸೇರಿಸುವಾಗ ನಡುವೆ ಒಂದು ಮುರಿತವನ್ನು ಇಡುವುದು ಅದರ ನಿಯಮ. ಗೂಡು ಬರಿದಾಗಿದ್ದರೆ ಸೇರುವುದು ಮುರಿತವೊಂದೇ. ಆದುದರಿಂದ 'ಜಿ' ಎಂಬ ಒಂದೇ ಅಕ್ಷರವನ್ನು ಆಜ್ಞೆಯಾಗಿ ಕೊಟ್ಟರೆ ಗ್ರಂಥದ ಪ್ರತಿಯೊಂದು ಸಾಲಿನ ಕೆಳಗೂ ಒಂದು ಖಾಲಿ ಸಾಲು ಬೀಳುತ್ತದೆ. ಬರಿಗೂಡಿನಿಂದ ಹೀಗೆ ಉಪಯೋಗ ಪಡೆಯಬಹುದೆಂಬುದು ಬಲ್ಲವರ ನಡುವೆ ಪ್ರಸಿದ್ಧವಾದ ಯುಕ್ತಿ.

ಮೆಕ್‌ಮಹನ್ 1978ರ ಆಗಸ್ಟ್ ತಿಂಗಳಿನಲ್ಲಿ ಈ ಉಪಕರಣಕ್ಕೆ ಒಂದು ಕೈಪಿಡಿ ಬರೆದರು. ತಂತ್ರಜ್ಞರ ಕೈಪಿಡಿಗಳಲ್ಲಿ ಉದಾಹರಣೆಗೆ ಸಂಬಳದ ಪಟ್ಟಿಯೋ ಸಾಮಾನಿನ ಪಟ್ಟಿಯೋ ಬರುವುದು ವಾಡಿಕೆ. ಮೆಕ್‌ಮಹನ್ ಆರಿಸಿಕೊಂಡದ್ದು ಕೋಲ್ರಿಜ್ ಕವಿಯ 'ಕುಬ್ಲಾ ಖಾನ್' ಕವನದ ಆರಂಭದ ಸಾಲುಗಳನ್ನು. ಕೈಪಿಡಿಯುದ್ದಕ್ಕೂ ಆ ಸಾಲುಗಳ ಮೇಲೆಯೇ ಪ್ರಯೋಗಗಳು ನಡೆಯುತ್ತವೆ. ಒಂದು ಕಡೆ ಸಾಲು ಬಿಟ್ಟು ಸಾಲನ್ನು ಅಳಿಸಿ ಆ ಜಾಗದಲ್ಲಿ 'ಎಕ್ಸ್' ಅಕ್ಷರಗಳ ಸಾಲನ್ನು ಸೇರಿಸುತ್ತಾರೆ. ಇನ್ನೊಂದು ಕಡೆ ಮೊದಲ ಸಾಲಿನ ತಲೆಯನ್ನು ಗೂಡಿನಲ್ಲಿ ಕಾದಿರಿಸಿ ಪ್ರತಿ ಸಾಲಿನ ಬಾಲಕ್ಕೂ ಕಟ್ಟುತ್ತಾರೆ. ನಮ್ಮ ಕೀರ್ತನೆಗಳಲ್ಲಿ ಪಲ್ಲವಿ ಮರಳಿ ಬರುವಂತೆ ಅದು ಮತ್ತೆಮತ್ತೆ ಬರುತ್ತದೆ. ಆ ಕವನದ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತಿರುವುದೇ. 1816ರಲ್ಲಿ ಅದನ್ನು ಪ್ರಕಟಿಸುವಾಗ ಕೋಲ್ರಿಜ್, ಕನಸಿನಲ್ಲಿ ಕಂಡ ಕವನವನ್ನು ಬರೆದುಕೊಳ್ಳುತ್ತಿದ್ದಾಗ ಪೋರ್ಲಾಕ್ ಎಂಬ ಊರಿನಿಂದ ಯಾವನೋ ಒಬ್ಬ ಕೆಲಸದ ನೆಪದಲ್ಲಿ ಬಂದು ಬರವಣಿಗೆಯನ್ನು ತಡೆದನೆಂದೂ ಉಳಿದುದೆಲ್ಲ ಮರೆತುಹೋಯಿತೆಂದೂ ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ. ನಡುವೆ ಮುರಿದುಹೋದ ಕವನವನ್ನೇ ಈ ಉಪಕರಣದ ಉದಾಹರಣೆಗೆ ಆರಿಸಿಕೊಂಡದ್ದು ಬೇಕೆಂದೇ ಇರಲಿ, ಆಕಸ್ಮಿಕವೇ ಇರಲಿ, ಮೆಕ್‌ಮಹನ್ನರಿಗೆ ಕವನದ ಸಾಲು ಎಂಬುದರಲ್ಲಿ ಸಲುಗೆಯಿತ್ತೆಂಬುದು ಸ್ಪಷ್ಟ.

ಅದೇ ಬಳಗದ ಕರ್ನಿಗನ್ 1974ರಲ್ಲಿ ಯುನಿಕ್ಸನ್ನು ಹೊಸದಾಗಿ ಕಲಿಯುವವರಿಗಾಗಿ ಬರೆದ ಲೇಖನದಲ್ಲಿ ಒಂದು ಬುದ್ಧಿಮಾತು ಹೇಳಿದ್ದಾರೆ. ಪ್ರತಿ ವಾಕ್ಯವನ್ನೂ ಹೊಸ ಸಾಲಿನಿಂದ ಮೊದಲುಮಾಡಿರಿ, ಸಾಲುಗಳು ಚಿಕ್ಕವಾಗಿರಲಿ, ಎಲ್ಲೆಂದರಲ್ಲಿ ಮುರಿಯದೆ ಅಲ್ಪವಿರಾಮ ಅರ್ಧವಿರಾಮಗಳಂಥ ಸಹಜವಾದ ನಿಲುಗಡೆಗಳಲ್ಲಿ ಮುರಿಯಿರಿ ಎಂಬುದು ಅದರ ಸಾರ. ಕಾರಣ ಸರಳವಾದುದು. ತಿದ್ದುವವರು ಪದಗುಚ್ಛಗಳನ್ನೂ ವಾಕ್ಯಗಳನ್ನೂ ತಿದ್ದುತ್ತಾರೆ. ಸಾಲು ಅವುಗಳಿಗೆ ಸರಿಹೊಂದಿದರೆ ಉಪಕರಣದ ಕೆಲಸ ಹಗುರವಾಗುತ್ತದೆ. ಅಚ್ಚಾಗುವ ಹೊತ್ತಿಗೆ ಈ ಸಾಲುಗಳೆಲ್ಲ ಕೂಡಿಕೊಂಡು ಹಾಳೆಯ ಅಗಲಕ್ಕೆ ತಕ್ಕ ಹೊಸ ಸಾಲುಗಳಾಗುತ್ತಿದ್ದವು. ಯಂತ್ರಕ್ಕಾಗಿ ಹೇಳಿದ ಮಾತಾದರೂ ಅದರ ತಿರುಳು ಹಳೆಯದು. ಅರ್ಥ ನಿಲ್ಲುವಲ್ಲಿ ಸಾಲು ನಿಲ್ಲಬೇಕು ಎಂಬುದನ್ನು ನಮ್ಮ ತ್ರಿಪದಿಯ ಹಾಡುಗಾರ್ತಿ ಬೀಸುಕಲ್ಲಿನ ಮುಂದೆ ಕುಳಿತು ಪಾಲಿಸಿದ್ದಾಳೆ.

ಇನ್ನು ಕನ್ನಡಕ್ಕೆ ಬರೋಣ. ಇಂಗ್ಲಿಷಿಗಾಗಿ ಹುಟ್ಟಿದ ಈ ಉಪಕರಣ ಕನ್ನಡದ ಸಾಲನ್ನು ಮುರಿಯಬಲ್ಲುದೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರೂ ಆ ಥಾಂಪ್ಸನ್ನರೇ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡ್ ಕ್ರಮದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರಕಿತ್ತು. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ 'ಯುಟಿಎಫ್-8' ಎಂಬ ಕ್ರಮವನ್ನು 1992ರ ಸೆಪ್ಟೆಂಬರಿನಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಉಪಾಹಾರಗೃಹದಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗುರುತುಹಾಕಿಕೊಂಡು ರೂಪಿಸಿದರು. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು. ಆ ಬೈಟುಗಳೆಲ್ಲ 127ಕ್ಕಿಂತ ಮೇಲಿನ ಸಂಖ್ಯೆಗಳು. ಎಂದರೆ ಕನ್ನಡದ ಯಾವ ಅಕ್ಷರದ ಒಡಲಿನಲ್ಲಿಯೂ 10ನೆಯ ಸಂಖ್ಯೆ ಅಡಗಿ ಕುಳಿತಿರಲಾರದು. ಕನ್ನಡದ ಗಂಧಗಾಳಿಯಿಲ್ಲದ ಹಳೆಯ ಉಪಕರಣ ಕೂಡ ಕನ್ನಡ ಗ್ರಂಥದ ಸಾಲುಗಳನ್ನು ತಪ್ಪಿಲ್ಲದೆ ಬೇರ್ಪಡಿಸುವುದು ಇದರಿಂದಲೇ.

ಆದರೆ ಅಕ್ಷರಗಳನ್ನು ಎಣಿಸಿ ಮುರಿ ಎಂದು ಹೇಳಿದರೆ ಪಾಡು ಬೇರೆ. 'ಸ್ತ್ರೀ' ಎಂಬುದು ನಮಗೆ ಒಂದು ಅಕ್ಷರ. ಯಂತ್ರಕ್ಕೆ ಅದು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಈಕಾರ ಎಂಬ ಆರು ಸಂಕೇತಗಳು, ಹದಿನೆಂಟು ಬೈಟುಗಳು. ನಲವತ್ತು ಸಂಕೇತಗಳಿಗೊಮ್ಮೆ ಸಾಲು ಮುರಿ ಎಂದರೆ ಸಕಾರ ಮೇಲಿನ ಸಾಲಿನಲ್ಲಿಯೂ ಅದರ ಒತ್ತು ಕೆಳಗಿನ ಸಾಲಿನಲ್ಲಿಯೂ ಬಿದ್ದೀತು. ನಮ್ಮ ಲಿಪಿಕಾರ ಪದವನ್ನು ಮುರಿದನೇ ಹೊರತು ಅಕ್ಷರವನ್ನು ಎಂದೂ ಮುರಿಯಲಿಲ್ಲ.

ಎಣಿಕೆಯನ್ನು ಬಿಟ್ಟು ಚಿಹ್ನೆಯನ್ನು ಹಿಡಿದರೆ ಹೇಗೆ? ಷಟ್ಪದಿ ಕಾವ್ಯವೊಂದು ಮುರಿತಗಳೆಲ್ಲ ಅಳಿಸಿಹೋಗಿ ಒಂದೇ ಹರಿವಾಗಿ ಗಣಕಕ್ಕೆ ಸೇರಿದೆಯೆಂದು ಇಟ್ಟುಕೊಳ್ಳೋಣ. ಪದ್ಯದ ಕೊನೆಯಲ್ಲಿ ಎರಡು ದಂಡ, ಅಂಕಿ, ಮತ್ತೆ ಎರಡು ದಂಡ ಇವೆ. ಎರಡು ದಂಡ ಕಂಡಲ್ಲೆಲ್ಲ ಸಾಲು ಮುರಿ ಎಂದು ಸೆಡ್‌ಗೆ ಹೇಳಿದರೆ ಅದು ಅಂಕಿಯ ಮುಂದೆಯೂ ಮುರಿಯುತ್ತದೆ, ಹಿಂದೆಯೂ ಮುರಿಯುತ್ತದೆ. ಅಂಕಿಗಳು ಅನಾಥವಾಗಿ ಸಾಲಿಗೊಂದರಂತೆ ನಿಲ್ಲುತ್ತವೆ. ದಂಡ, ಅಂಕಿ, ದಂಡ ಈ ಮೂರೂ ಕೂಡಿದ ರೂಪವನ್ನು ಹುಡುಕಿ, ಅದನ್ನು ಹಾಗೆಯೇ ಉಳಿಸಿ, ಅದರ ಬೆನ್ನಿಗೆ ಮುರಿ ಎಂದು ಹೇಳಬೇಕು. ಹಾಗೆ ಹೇಳಿದರೆ ಸಾವಿರಾರು ಪದ್ಯಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬೇರೆಬೇರೆಯಾಗುತ್ತವೆ. ಈ ಕೆಲಸವನ್ನು ಕೈಯಿಂದ ಮಾಡಲು ತಿಂಗಳುಗಳು ಬೇಕು. ಉಪಕರಣದ ಉಪಕಾರವನ್ನು ನಾವು ಮರೆಯಬಾರದು.

ಪದ್ಯದ ಒಳಗಿನ ಆರು ಪಾದಗಳನ್ನು ಬಿಡಿಸುವ ಮಾತು ಬಂದಾಗ ಚಿಹ್ನೆಯ ಆಸರೆ ತಪ್ಪುತ್ತದೆ. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ ಹದಿನಾಲ್ಕು ಮಾತ್ರೆಗಳು. ಮೂರು ಮತ್ತು ಆರನೆಯ ಪಾದಗಳಿಗೆ ಇಪ್ಪತ್ತಮೂರು. ಅನೇಕ ವೇಳೆ ಒಂದೇ ಪದ ಈ ಪಾದದಲ್ಲಿ ತೊಡಗಿ ಮುಂದಿನ ಪಾದಕ್ಕೆ ಕಾಲಿಡುತ್ತದೆ. ಅಲ್ಲಿ ಲಘುಗುರುಗಳನ್ನು ಬಲ್ಲ, ಪ್ರಾಸವನ್ನು ಕೇಳಬಲ್ಲ ಕಿವಿ ಬೇಕು. ಆ ತಿಳಿವಳಿಕೆಯನ್ನು ನಿಯಮಗಳಾಗಿ ಬರೆದುಕೊಡಬಲ್ಲವನಿಗೆ ಯಂತ್ರ ನೆರವಾದೀತು. ಬರೆದುಕೊಡುವವನಿಗೆ ಛಂದಸ್ಸು ಗೊತ್ತಿರಬೇಕಾದದ್ದು ಮಾತ್ರ ತಪ್ಪುವುದಿಲ್ಲ.

ವಚನಗಳಲ್ಲಿ ತೊಡಕು ಇನ್ನೂ ಆಳವಾದುದು. ಅಲ್ಲಿ ಗಣದ ಕಟ್ಟಿಲ್ಲ, ಪ್ರಾಸದ ನೇಮವಿಲ್ಲ. ಓಲೆಗಳಲ್ಲಿ ಗದ್ಯದಂತೆ ಹರಿದ ಅವುಗಳನ್ನು ಇಂದಿನ ಪುಸ್ತಕಗಳಲ್ಲಿ ಸಾಲುಸಾಲಾಗಿ ಕಾಣುತ್ತೇವೆ. ಆ ಸಾಲುಗಳು ಸಂಪಾದಕರ ಓದಿನ ಫಲ. ಒಂದರ ಹಿಂದೊಂದು ಅಂಟಿಕೊಂಡ ವಚನಗಳನ್ನು ಬೇರ್ಪಡಿಸಲು ಸುಲಭವಾಗಿ ಹೊಳೆಯುವ ಉಪಾಯ ಅಂಕಿತ. ಬಸವಣ್ಣನವರ ವಚನಗಳಾದರೆ 'ಕೂಡಲಸಂಗಮದೇವ' ಎಂದು ಬಂದ ಕೂಡಲೆ ಸಾಲು ಮುರಿ ಎಂದು ಸೆಡ್‌ಗೆ ಹೇಳಬಹುದು. ಬಹುತೇಕ ವಚನಗಳಿಗೆ ಇದು ಒಪ್ಪುತ್ತದೆ. ಆದರೆ ಸಿರಿವಂತರು ಕಟ್ಟಿಸುವ ಗುಡಿಯೊಡನೆ ಬಡವನು ತನ್ನ ಮೈಯನ್ನು ಹೋಲಿಸಿಕೊಳ್ಳುವ ಆ ಪ್ರಸಿದ್ಧ ವಚನವನ್ನು ನೆನೆಯಿರಿ. ಅಲ್ಲಿ ಅಂಕಿತ ಬರುವುದು ಕೊನೆಯಲ್ಲಲ್ಲ. ಅಂಕಿತದಿಂದ ದೇವರನ್ನು ಕರೆದು, ಕೇಳೆಂದು ಹೇಳಿ, ಅದರ ಮೇಲೆ ಸ್ಥಾವರಕ್ಕೆ ಅಳಿವಿದೆ, ಜಂಗಮಕ್ಕಿಲ್ಲ ಎಂಬ ಅರ್ಥದ ಮಾತನ್ನು ಬಸವಣ್ಣನವರು ಹೇಳುತ್ತಾರೆ. ಅಂಕಿತದ ಬೆನ್ನಿಗೆ ಮುರಿಯುವ ನಿಯಮ ಈ ವಚನವನ್ನು ಎರಡು ಮಾಡುತ್ತದೆ. ಇಡೀ ವಚನ ಯಾವ ಮಾತಿಗಾಗಿ ಹುಟ್ಟಿತೋ ಆ ಮಾತು ತನ್ನ ಮೈಯಿಂದ ಕಳಚಿ ಮುಂದಿನ ವಚನದ ತಲೆಗೆ ಹೋಗಿ ಕೂರುತ್ತದೆ. ಯಂತ್ರ ತಪ್ಪು ಮಾಡಿತೆನ್ನುವಂತಿಲ್ಲ; ಅದು ಹೇಳಿದ್ದನ್ನು ಮಾಡಿತು. ಪುಟದ ಮೇಲೆ ಎಲ್ಲವೂ ಒಪ್ಪವಾಗಿ ಕಾಣುವುದರಿಂದ ಈ ಹಾನಿ ಒಡನೆ ಯಾರ ಕಣ್ಣಿಗೂ ಬೀಳಲಾರದು. ಆ ವಚನವನ್ನು ಬಾಯಿಪಾಠವಾಗಿ ಬಲ್ಲವನೊಬ್ಬ ಓದಿದಾಗ ಮಾತ್ರ ಅವನ ನಾಲಗೆ ಅಲ್ಲಿ ತಡವರಿಸುತ್ತದೆ.

ನಮ್ಮ ಗ್ರಂಥಗಳು ಇಂದು ಗಣಕವನ್ನು ಸೇರುವಾಗ ಅವುಗಳಲ್ಲಿ ಮೂರು ಬಗೆಯ ಮುರಿತಗಳು ಬೆರೆತಿರುತ್ತವೆ. ಕವಿಯ ಪಾದ ಮುಗಿದದ್ದು ಒಂದು, ಸಂಪಾದಕನು ಅರ್ಥಕ್ಕಾಗಿ ಬಿಡಿಸಿದ್ದು ಒಂದು, ಅಚ್ಚಿನ ಹಾಳೆ ಸಾಲದೆ ಬಿದ್ದದ್ದು ಒಂದು. ಯಂತ್ರಕ್ಕೆ ಮೂರೂ 10ನೆಯ ಸಂಖ್ಯೆಯೇ. ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು, ಎಲ್ಲಿ ಹೊಸದನ್ನು ಸೇರಿಸಬೇಕು ಎಂಬುದನ್ನು ಸಾಹಿತ್ಯ ಬಲ್ಲವರು ಹೇಳದಿದ್ದರೆ ಬೇರೆ ಯಾರೋ ಹೇಳುತ್ತಾರೆ, ಅಥವಾ ಯಾರೂ ಹೇಳದೆಯೇ ಅದು ನಡೆದುಹೋಗುತ್ತದೆ. ಮೆಕ್‌ಮಹನ್ ಮನಶ್ಶಾಸ್ತ್ರವನ್ನು ಓದಿ, ಹಳೆಯ ಲೇಖನಗಳ ಕರ್ತೃವನ್ನು ಹುಡುಕುತ್ತ, ಕೋಲ್ರಿಜನ ಸಾಲುಗಳನ್ನು ಎದುರಿಗಿಟ್ಟುಕೊಂಡು ಈ ಉಪಕರಣವನ್ನು ಮಾಡಿದರು. ಅದನ್ನು ಕಲಿಯುವುದು ಕನ್ನಡ ಎಂ.ಎ. ಓದುವ ಹುಡುಗ ಹುಡುಗಿಯರಿಗೆ ಒಂದು ವಾರದ ಕೆಲಸ. ಛಂದಸ್ಸನ್ನೂ ಗ್ರಂಥಸಂಪಾದನೆಯನ್ನೂ ಕಲಿಯಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಎರಡನ್ನೂ ಬಲ್ಲ ಹತ್ತು ಜನ ತಯಾರಾದರೆ ಸಾಕು, ಓಲೆಗರಿಯಿಂದ ಹಾಳೆಗೆ ಬಂದ ನಮ್ಮ ಕವಿಗಳು ಹಾಳೆಯಿಂದ ಗಣಕಕ್ಕೆ ಹೋಗುವಾಗ ನಡುವೆ ಮುರಿಯದೆ ಮುಟ್ಟುತ್ತಾರೆ.